ನಿಮಗಿದು ಗೊತ್ತೆ? ಕೀಲಿಗೊಂಬೆಯ ಜಾಣ್ಮೆ ಇರುವುದು ತಡೆಯಲ್ಲಿ

ಕೀಲಿ ಕೊಟ್ಟರೆ ನಡೆಯುವ ಗೊಂಬೆಯ ಜೀವಾಳ ಸ್ಪ್ರಿಂಗ್ ಎಂದೇ ಹೆಚ್ಚಿನವರ ನಂಬಿಕೆ. ಆದರೆ ಸ್ಪ್ರಿಂಗ್ ಶಕ್ತಿಯನ್ನು ಕೂಡಿಡುತ್ತದೆ, ಅಷ್ಟೆ. ತಡೆಯಿಲ್ಲದಿದ್ದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಹಲ್ಲುಗಾಲಿಯನ್ನು ಒಂದೊಂದೇ ಹಲ್ಲಿನಂತೆ ತಡೆದು ಬಿಡುವ ಪುಟ್ಟ ಕಡ್ಡಿಯಲ್ಲಿದೆ ನಿಜವಾದ ಜಾಣ್ಮೆ. ಜಪಾನಿನ ಚಹಾ ತರುವ ಗೊಂಬೆಯನ್ನೇ ನೋಡಿ. ಅದರ ಒಳರಚನೆಯನ್ನು ಹೊಸೊಕಾವಾ ಹಾನ್ಜೊ 1796ರ ‘ಕರಕುರಿ ಜುಯಿ’ ಪುಸ್ತಕದಲ್ಲಿ ಚಿತ್ರಸಹಿತ ವಿವರಿಸಿದ್ದಾರೆ. ಸ್ಪ್ರಿಂಗ್ ಉಕ್ಕಿನದಲ್ಲ, ತಿಮಿಂಗಿಲದ ಬಾಯೊಳಗಿನ ಬಲೀನ್ ಪಟ್ಟಿಯದು! ತಟ್ಟೆಯಲ್ಲಿ ಬಟ್ಟಲಿಟ್ಟರೆ ಗೊಂಬೆ ಹೊರಡುತ್ತದೆ, ಅತಿಥಿ ಬಟ್ಟಲನ್ನೆತ್ತಿಕೊಂಡರೆ ನಿಲ್ಲುತ್ತದೆ, ಮತ್ತೆ ಇಟ್ಟರೆ ತಿರುಗಿ ಮರಳುತ್ತದೆ. ಇದಕ್ಕೆ ತಡೆಯುವ ಕಡ್ಡಿ ಏಕೆ, ಗಾಲಿಗಳ ಘರ್ಷಣೆಯೇ ವೇಗ ತಗ್ಗಿಸದೇ ಎಂದು ಕೇಳಬಹುದು. ತಗ್ಗಿಸುತ್ತದೆ, ಆದರೆ ಸಾಲದು. ಹಿಂದಕ್ಕೆಳೆದು ಬಿಡುವ ಆಟಿಕೆ ಕಾರಿನಲ್ಲಿ ಸಾಮಾನ್ಯವಾಗಿ ಇಂಥ ತಡೆ ಇರುವುದಿಲ್ಲ, ಅದು ನುಗ್ಗಿಬಿಡುತ್ತದೆ. ಗೊಂಬೆ ಹಾಗೆ ನುಗ್ಗಿದರೆ ಬಟ್ಟಲಲ್ಲಿ ಚಹಾ ಉಳಿಯುವುದಿಲ್ಲ.