ದೆವ್ವಕ್ಕೆ ದನಿಯಾದ ನಟಿ

1973ರ ಡಿಸೆಂಬರ್ 26ರಂದು ಅಮೆರಿಕದಲ್ಲಿ ‘ದಿ ಎಕ್ಸಾರ್ಸಿಸ್ಟ್’ ಚಿತ್ರ ತೆರೆ ಕಂಡಿತು. ದೆವ್ವ ಮೆಟ್ಟಿಕೊಂಡ ಹನ್ನೆರಡು ವರ್ಷದ ಬಾಲಕಿಯನ್ನು ಇಬ್ಬರು ಕ್ಯಾಥೊಲಿಕ್ ಪಾದ್ರಿಗಳು ಬಿಡಿಸಲು ಹೊರಡುವ ಕಥೆ ಅದು. ಚಳಿಯಲ್ಲಿ ಸರದಿ ನಿಂತು ಟಿಕೆಟ್ ಪಡೆದ ಪ್ರೇಕ್ಷಕರಲ್ಲಿ ಹಲವರು ಚಿತ್ರ ಮುಗಿಯುವ ಮೊದಲೇ ಎದ್ದು ಹೊರನಡೆದರು. ಅವರನ್ನು ಬೆಚ್ಚಿಬೀಳಿಸಿದ್ದು ತೆರೆಯ ಮೇಲೆ ಕಂಡದ್ದಷ್ಟೇ ಅಲ್ಲ, ಆ ಹುಡುಗಿಯ ಬಾಯಿಂದ ಹೊರಟ ದನಿ ಕೂಡ. ಅದು ಗಂಡಿನದೂ ಅಲ್ಲ, ಹೆಣ್ಣಿನದೂ ಅಲ್ಲ. ಗಂಟಲಿನ ಆಳದಿಂದ ಗೊರಗೊರನೆ ಎದ್ದು ಬರುವ, ವಯಸ್ಸೇ ಇಲ್ಲದ ದನಿ.

ಬಾಲಕಿಯಾಗಿ ನಟಿಸಿದ್ದ ಲಿಂಡಾ ಬ್ಲೇರ್ ಆಗಿನ್ನೂ ಹದಿನೈದು ತುಂಬದ ಹುಡುಗಿ. ಆ ದನಿ ಅವಳದಲ್ಲ. ಹಾಗಾದರೆ ಯಾರದು? ಚಿತ್ರದ ಮೊದಲ ಪ್ರತಿಗಳಲ್ಲಿ ಕಲಾವಿದರ ಪಟ್ಟಿಯನ್ನು ಹುಡುಕಿದರೂ ಉತ್ತರ ಸಿಗುತ್ತಿರಲಿಲ್ಲ. ದನಿಯ ಒಡತಿ ಮರ್ಸಿಡಿಸ್ ಮೆಕೇಂಬ್ರಿಜ್ ಹೊಸಬರೇನಲ್ಲ. ಸುಮಾರು ಕಾಲು ಶತಮಾನದ ಹಿಂದೆಯೇ ಆಸ್ಕರ್ ಗೆದ್ದಿದ್ದ 57 ವರ್ಷದ ನಟಿ. ದನಿಯನ್ನು ಬಳಸಿಕೊಂಡು ಹೆಸರನ್ನು ಬಿಟ್ಟ ಈ ಪ್ರಸಂಗ, ನಟನೆ ಎಂದರೆ ಏನು, ಅದರಲ್ಲಿ ಕಂಠದ ಪಾಲೆಷ್ಟು ಎಂಬ ಪ್ರಶ್ನೆಯನ್ನು ಚಿತ್ರರಂಗದ ಮುಂದಿಟ್ಟಿತು.

ಮೆಕೇಂಬ್ರಿಜ್ ಹುಟ್ಟಿದ್ದು 1916ರ ಮಾರ್ಚ್ 16ರಂದು, ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನ ಐರಿಷ್ ಮೂಲದ ಕ್ಯಾಥೊಲಿಕ್ ಕುಟುಂಬದಲ್ಲಿ. ಷಿಕಾಗೊದ ಮಂಡಲೈನ್ ಕಾಲೇಜಿನಲ್ಲಿ ಓದುತ್ತಿರುವಾಗಲೇ ಎನ್‌ಬಿಸಿ ರೇಡಿಯೊ ಸಂಸ್ಥೆ ಆಕೆಯನ್ನು ಕರೆದು ಕೆಲಸ ಕೊಟ್ಟಿತು. ಆ ಕಾಲದ ಷಿಕಾಗೊ ಅಮೆರಿಕದ ಬಾನುಲಿ ನಾಟಕಗಳ ದೊಡ್ಡ ಕೇಂದ್ರ. ಮಧ್ಯಾಹ್ನದ ಹೊತ್ತು ಗೃಹಿಣಿಯರಿಗಾಗಿ ಕಂತು ಕಂತಾಗಿ ಸಾಗುವ ಸಾಂಸಾರಿಕ ಕಥೆಗಳು. ರಾತ್ರಿಯಾದರೆ ದೀಪ ಆರಿಸಿ ಕೇಳಬೇಕಾದ ಭಯಾನಕ ಕಥೆಗಳು. ‘ಲೈಟ್ಸ್ ಔಟ್’, ‘ಐ ಲವ್ ಎ ಮಿಸ್ಟರಿ’ಯಂಥ ಸರಣಿಗಳಲ್ಲಿ ಆಕೆಯ ಕಂಠ ಮನೆಮನೆಗೆ ಪರಿಚಿತವಾಯಿತು.

ಆಕಾಶವಾಣಿಯ ನಾಟಕಗಳನ್ನು ಕೇಳಿ ಬೆಳೆದವರಿಗೆ ಈ ಕಲೆಯ ಕಷ್ಟ ಗೊತ್ತು. ರಂಗದ ನಟಿಗೆ ಕಣ್ಣಿದೆ, ಕೈಯಿದೆ, ಉಡುಪಿದೆ, ಬೆಳಕಿದೆ. ಬಾನುಲಿಯ ನಟಿಗೆ ಇರುವುದು ಗಂಟಲೊಂದೇ. ಪಾತ್ರದ ವಯಸ್ಸು, ಜಾತಕ, ಸಿಟ್ಟು, ಸುಳ್ಳು ಎಲ್ಲವೂ ಅದರಿಂದಲೇ ಹೊಮ್ಮಬೇಕು. ಮೈಕಿನಿಂದ ಒಂದಿಷ್ಟು ದೂರ ಸರಿದರೆ ಪಾತ್ರ ಕೋಣೆಯಿಂದ ಹೊರಗೆ ಹೋದಂತೆ. ತೀರಾ ಹತ್ತಿರ ಬಂದು ಉಸಿರುಗಟ್ಟಿ ನುಡಿದರೆ ಕೇಳುಗನ ಕಿವಿಯಲ್ಲೇ ಪಿಸುಗುಟ್ಟಿದಂತೆ. ಹೆಚ್ಚಿನ ನಾಟಕಗಳು ನೇರ ಪ್ರಸಾರವಾಗುತ್ತಿದ್ದುದರಿಂದ ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವಿರಲಿಲ್ಲ. ಈ ಗರಡಿಯಲ್ಲಿ ಪಳಗಿದ ಮೆಕೇಂಬ್ರಿಜ್‌ರನ್ನು ಆರ್ಸನ್ ವೆಲ್ಸ್ ಜಗತ್ತಿನ ಜೀವಂತ ಬಾನುಲಿ ನಟಿಯರಲ್ಲೇ ಶ್ರೇಷ್ಠ ಎಂದು ಕೊಂಡಾಡಿದರು. ಮಂಗಳ ಗ್ರಹದವರ ದಾಳಿಯ ಬಾನುಲಿ ನಾಟಕದಿಂದ 1938ರಲ್ಲಿ ದೇಶದಾದ್ಯಂತ ಸುದ್ದಿಯಾಗಿದ್ದ ವೆಲ್ಸ್‌ರ ಈ ಮಾತಿಗೆ ತೂಕವಿತ್ತು.

ಆಕೆ ಸಿನಿಮಾಕ್ಕೆ ಬಂದದ್ದು ತಡವಾಗಿ, 1949ರಲ್ಲಿ. ಮೊದಲ ಚಿತ್ರವೇ ರಾಬರ್ಟ್ ರಾಸೆನ್ ನಿರ್ದೇಶನದ ‘ಆಲ್ ದ ಕಿಂಗ್ಸ್ ಮೆನ್’. ಹಳ್ಳಿಯ ಮುಂದಾಳೊಬ್ಬ ಅಧಿಕಾರಕ್ಕೇರಿ ಭ್ರಷ್ಟನಾಗುವ ಕಥೆಯಲ್ಲಿ ಮೆಕೇಂಬ್ರಿಜ್ ಅವನ ರಾಜಕೀಯ ಸಹಾಯಕಿ ಸೇಡಿ ಬರ್ಕ್. ಸೌಂದರ್ಯವನ್ನೇ ಬಂಡವಾಳ ಮಾಡಿಕೊಂಡಿದ್ದ ಹಾಲಿವುಡ್‌ನಲ್ಲಿ ಒರಟು ದನಿಯ, ಚೂಪು ನಾಲಿಗೆಯ ಈ ಹೆಣ್ಣು ಎದ್ದು ಕಂಡಳು. ಅತ್ಯುತ್ತಮ ಪೋಷಕ ನಟಿಯ ಆಸ್ಕರ್ ಆಕೆಗೆ ಬಂತು. 1954ರ ‘ಜಾನಿ ಗಿಟಾರ್’ನಲ್ಲಿ ಜೋನ್ ಕ್ರಾಫರ್ಡ್‌ಗೆ ಎದುರಾಗಿ ನಿಂತ ದ್ವೇಷದ ಮೂರ್ತಿ ಎಮ್ಮಾ, 1956ರ ‘ಜೈಂಟ್’ನಲ್ಲಿ ಟೆಕ್ಸಾಸ್‌ನ ಜಮೀನ್ದಾರಿ ಮನೆಯನ್ನು ಮುಷ್ಟಿಯಲ್ಲಿಟ್ಟುಕೊಂಡ ಅಕ್ಕ ಲಜ್ ಎಂದೂ ಮರೆಯಾಗದ ಪಾತ್ರಗಳು. ‘ಜೈಂಟ್’ ಆಕೆಗೆ ಎರಡನೆಯ ಬಾರಿ ಆಸ್ಕರ್ ನಾಮಕರಣ ತಂದಿತು.

ಆದರೆ ಇಂಥ ಮುಖಕ್ಕೆ ಹಾಲಿವುಡ್ ನಾಯಕಿಯ ಪಾತ್ರ ಕೊಡಲಿಲ್ಲ. ಟೆಲಿವಿಷನ್ ಬಂದು ಬಾನುಲಿ ನಾಟಕಗಳನ್ನು ನುಂಗಿದ್ದರಿಂದ ಹಳೆಯ ಆಸರೆಯೂ ತಪ್ಪಿತು. ಇದರ ನಡುವೆ ಆಕೆ ಕುಡಿತದ ದಾಸ್ಯಕ್ಕೆ ಸಿಕ್ಕಿ ಬಹಳ ಕಾಲ ಒದ್ದಾಡಿದರು. ಅದರಿಂದ ಹೊರಬಂದ ಮೇಲೆ ಮುಚ್ಚಿಟ್ಟುಕೊಳ್ಳಲಿಲ್ಲ ಎಂಬುದು ಗಮನಾರ್ಹ. 1969ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಕುಳಿತು, ಕುಡಿತ ನಡತೆಗೇಡಲ್ಲ, ಚಿಕಿತ್ಸೆ ಬೇಕಾದ ರೋಗ ಎಂದು ತನ್ನ ಬದುಕನ್ನೇ ಸಾಕ್ಷಿಯಾಗಿಟ್ಟು ಹೇಳಿದರು. ಹೆಸರಾಂತ ನಟಿಯೊಬ್ಬರು ಹೀಗೆ ಬಹಿರಂಗವಾಗಿ ಒಪ್ಪಿಕೊಳ್ಳುವುದು ಆ ದಿನಗಳಲ್ಲಿ ಸಣ್ಣ ಧೈರ್ಯವಲ್ಲ.

‘ಎಕ್ಸಾರ್ಸಿಸ್ಟ್’ ಚಿತ್ರದ ಕರೆ ಬಂದದ್ದು ಇದಾದ ನಾಲ್ಕು ವರ್ಷಗಳ ಮೇಲೆ. ಚಿತ್ರೀಕರಣ ಮುಗಿದಾಗ ನಿರ್ದೇಶಕ ವಿಲಿಯಂ ಫ್ರೀಡ್ಕಿನ್‌ಗೆ ಬಾಲಕಿಯ ಸ್ವಂತ ದನಿ ದೆವ್ವಕ್ಕೆ ಸಾಲದೆನಿಸಿತು. ಗಂಡೋ ಹೆಣ್ಣೋ ತಿಳಿಯದ ಕಂಠ ಬೇಕಿತ್ತು. ಚಿಕ್ಕಂದಿನಲ್ಲಿ ಕೇಳಿದ್ದ ಬಾನುಲಿಯ ದನಿ ಆತನಿಗೆ ನೆನಪಾಯಿತು.

ಆಗಿನ ಡಬ್ಬಿಂಗ್ ಕೆಲಸ ಹೀಗಿತ್ತು: ಚಿತ್ರದ ಒಂದು ಸಣ್ಣ ತುಣುಕಿನ ಎರಡೂ ತುದಿಗಳನ್ನು ಸೇರಿಸಿ ಬಳೆಯಂತೆ ಮಾಡಿ ಮತ್ತೆ ಮತ್ತೆ ಓಡಿಸುತ್ತಿದ್ದರು. ತೆರೆಯ ಮೇಲಿನ ತುಟಿಯ ಚಲನೆಗೆ ಸರಿಯಾಗಿ ಕಲಾವಿದರು ಕತ್ತಲಲ್ಲಿ ಮಾತು ಕೂರಿಸಬೇಕು. ಮೆಕೇಂಬ್ರಿಜ್ ಇಷ್ಟಕ್ಕೇ ನಿಲ್ಲಲಿಲ್ಲ. ದನಿ ಒಡೆಯಲೆಂದು ಹಸಿ ಮೊಟ್ಟೆ ನುಂಗಿದರು, ಒಂದರ ಹಿಂದೊಂದು ಸಿಗರೇಟು ಸೇದಿದರು. ಮಂಚಕ್ಕೆ ಕಟ್ಟಿಹಾಕಿದ ಬಾಲಕಿಯ ಒದ್ದಾಟ ಕಂಠದಲ್ಲೂ ಬರಲೆಂದು ತನ್ನನ್ನು ಕುರ್ಚಿಗೆ ಕಟ್ಟಿಸಿಕೊಂಡರು. ಬಾಲ್ಯದಿಂದ ಕಾಡುತ್ತಿದ್ದ ಎದೆಗೂಡಿನ ಉಬ್ಬಸವೇ ದೆವ್ವದ ಉಸಿರಾಯಿತು. ಎಲ್ಲಕ್ಕಿಂತ ದೊಡ್ಡ ಬೆಲೆ ಮತ್ತೊಂದು. ವರ್ಷಗಳಿಂದ ದೂರವಿಟ್ಟಿದ್ದ ವ್ಹಿಸ್ಕಿಯನ್ನು ಈ ದನಿಗಾಗಿ ಆಕೆ ಮತ್ತೆ ಮುಟ್ಟಿದರು, ಧೈರ್ಯಕ್ಕೆ ಪಾದ್ರಿಗಳನ್ನು ಜೊತೆಗಿರಿಸಿಕೊಂಡಿದ್ದರು ಎಂದು ಫ್ರೀಡ್ಕಿನ್ ಹೇಳಿದ್ದಾರೆ. ಭಕ್ತೆಯಾದ ಕ್ಯಾಥೊಲಿಕ್ ಹೆಣ್ಣಿಗೆ ದೇವನಿಂದೆಯ ಆ ಮಾತುಗಳನ್ನು ಆಡುವುದೇ ಹಿಂಸೆಯಾಗಿದ್ದಿರಬೇಕು.

ಇಷ್ಟಾದ ಮೇಲೂ ತೆರೆಯ ಮೇಲೆ ಹೆಸರು ಬರಲಿಲ್ಲ. ಅದನ್ನು ಕಂಡು ತಾನು ಅತ್ತದ್ದಾಗಿ ಆಕೆ ಅನಂತರ ಹೇಳಿಕೊಂಡರು. ಹೆಸರು ಹಾಕುವುದಾಗಿ ಮಾತು ಕೊಟ್ಟು ತಪ್ಪಿದರು ಎಂಬುದು ಆಕೆಯ ದೂರು. ಮೊದಲು ಹೆಸರು ಬೇಡವೆಂದವರು ಆಕೆಯೇ ಎಂಬುದು ಫ್ರೀಡ್ಕಿನ್ ವಾದ. ವಿಷಯ ಪತ್ರಿಕೆಗಳಿಗೆ ಬಂತು, ಕಲಾವಿದರ ಸಂಘದ ಮೆಟ್ಟಿಲೂ ಹತ್ತಿತು. ಕೊನೆಗೆ ಚಿತ್ರದ ಮುಂದಿನ ಪ್ರತಿಗಳಲ್ಲಿ ಮೆಕೇಂಬ್ರಿಜ್ ಹೆಸರು ಸೇರಿತು.

ಗದ್ದಲ ಅಲ್ಲಿಗೆ ಮುಗಿಯಲಿಲ್ಲ. ಲಿಂಡಾ ಬ್ಲೇರ್ ಅತ್ಯುತ್ತಮ ಪೋಷಕ ನಟಿಯ ಆಸ್ಕರ್‌ಗೆ ನಾಮಕರಣಗೊಂಡಿದ್ದಳು. ಅಭಿನಯ ಒಬ್ಬಳದು, ದನಿ ಇನ್ನೊಬ್ಬರದು ಎಂದಾದರೆ ಪ್ರಶಸ್ತಿ ಯಾರಿಗೆ? ಅಂತಿಮವಾಗಿ ಅದು ‘ಪೇಪರ್ ಮೂನ್’ನ ಹತ್ತು ವರ್ಷದ ಟೇಟಮ್ ಓನೀಲ್ ಪಾಲಾಯಿತು. ಹತ್ತು ನಾಮಕರಣ ಪಡೆದಿದ್ದ ‘ಎಕ್ಸಾರ್ಸಿಸ್ಟ್’ಗೆ ಬಂದದ್ದು ಎರಡೇ ಪ್ರಶಸ್ತಿ. ಒಂದು ಚಿತ್ರಕಥೆಗೆ, ಇನ್ನೊಂದು, ವಿಚಿತ್ರವೆಂದರೆ, ಶಬ್ದಗ್ರಹಣಕ್ಕೆ. ಶಬ್ದಕ್ಕೆ ಮನ್ನಣೆ ಸಿಕ್ಕಿತು. ಆ ಶಬ್ದದ ಜೀವಾಳವಾಗಿದ್ದ ಕಂಠಕ್ಕೆ ಪ್ರಶಸ್ತಿಗಳ ಪಟ್ಟಿಯಲ್ಲಿ ಅಂಕಣವೇ ಇರಲಿಲ್ಲ.

ದನಿಯನ್ನು ಮರೆಮಾಡುವುದು ಚಿತ್ರರಂಗದ ಹಳೆಯ ಚಾಳಿ. 1964ರ ‘ಮೈ ಫೇರ್ ಲೇಡಿ’ಯಲ್ಲಿ ಆಡ್ರೆ ಹೆಪ್‌ಬರ್ನ್ ಹಾಡಿದಂತೆ ಕಂಡ ಹಾಡುಗಳಲ್ಲಿ ಹೆಚ್ಚಿನವನ್ನು ಹಾಡಿದ ಮಾರ್ನಿ ನಿಕ್ಸನ್ ಹೆಸರು ತೆರೆಯ ಮೇಲೆ ಬರಲಿಲ್ಲ. ನಮ್ಮ ದೇಶದಲ್ಲೂ 1949ರ ಹಿಂದಿ ಚಿತ್ರ ‘ಮಹಲ್’ನ ಜನಪ್ರಿಯ ಹಾಡಿನ ಧ್ವನಿಮುದ್ರಿಕೆಯ ಮೇಲೆ ಗಾಯಕಿಯ ಜಾಗದಲ್ಲಿ ಮೊದಲು ಅಚ್ಚಾದದ್ದು ಪಾತ್ರದ ಹೆಸರಾದ ‘ಕಾಮಿನಿ’. ಹಾಡಿದವರು ಯಾರೆಂದು ಕೇಳುಗರು ಬಾನುಲಿಗೆ ಪತ್ರ ಬರೆದು ಕೇಳಿದ ಮೇಲೆ ಲತಾ ಮಂಗೇಶ್ಕರ್ ಹೆಸರು ಹೊರಬಿತ್ತು. ಹಿನ್ನೆಲೆ ಗಾಯಕರಿಗೆ ಮುಂದೆ ತಾರೆಯರಷ್ಟೇ ಕೀರ್ತಿ ಬಂದರೂ, ಮಾತಿಗೆ ದನಿ ಕೊಡುವವರು ನೆರಳಿನಲ್ಲೇ ಉಳಿದರು.

ಮೆಕೇಂಬ್ರಿಜ್ 1981ರಲ್ಲಿ ಆತ್ಮಕಥೆ ಪ್ರಕಟಿಸಿದರು, ಇಳಿವಯಸ್ಸಿನಲ್ಲೂ ರಂಗದ ಮೇಲೆ ನಟಿಸಿದರು. 2004ರ ಮಾರ್ಚ್ 2ರಂದು ಕ್ಯಾಲಿಫೋರ್ನಿಯಾದ ಲಾ ಹೊಯಾದಲ್ಲಿ ತೀರಿಕೊಂಡಾಗ ಆಕೆಗೆ 87 ವರ್ಷ.

ಇನ್ನೊಬ್ಬರ ಪಾತ್ರಕ್ಕೆ ದನಿ ಕೊಡುವುದನ್ನು ಕನ್ನಡದಲ್ಲಿ ‘ಕಂಠದಾನ’ ಎನ್ನುತ್ತೇವೆ. ಮಾತು ಸೊಗಸಾಗಿದೆ, ಆದರೆ ದಾನ ಕೊಟ್ಟವರು ಹೆಸರು ಬಯಸಬಾರದೆಂಬುದು ರೂಢಿ. ಗಂಟಲು ನೋಯಿಸಿಕೊಂಡು, ವ್ರತ ಮುರಿದು ಮೆಕೇಂಬ್ರಿಜ್ ಕೊಟ್ಟದ್ದು ದಾನವಲ್ಲ, ದುಡಿಮೆ. ಆಕೆ ಕೇಳಿದ್ದು ಆ ದುಡಿಮೆಯ ಕೆಳಗೆ ತನ್ನ ಹೆಸರನ್ನು ಮಾತ್ರ.