ಬಿ ಫಾರಂ ಯಾರ ಕೈಯಲ್ಲಿ?

2018ರ ನವೆಂಬರ್‌ನಲ್ಲಿ ನಡೆದ ಮಂಡ್ಯ ಲೋಕಸಭಾ ಉಪಚುನಾವಣೆಯಲ್ಲಿ ಜೆಡಿಎಸ್‌ನ ಎಲ್.ಆರ್. ಶಿವರಾಮೇಗೌಡರು ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಕೆಲವೇ ತಿಂಗಳಲ್ಲಿ ಸಾರ್ವತ್ರಿಕ ಚುನಾವಣೆ ಬಂದಾಗ ಅವರಿಗೆ ಟಿಕೆಟ್ ಸಿಗಲಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿಯವರ ಮಗ ನಿಖಿಲ್ ಅಭ್ಯರ್ಥಿಯಾದರು. ಕಾಂಗ್ರೆಸ್ ಟಿಕೆಟ್ ಬಯಸಿದ್ದ ಸುಮಲತಾ ಅಂಬರೀಶ್ ಅವರಿಗೂ ಬಾಗಿಲು ಮುಚ್ಚಿತು, ಏಕೆಂದರೆ ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಸೀಟು ಹಂಚಿಕೆಯಲ್ಲಿ ಮಂಡ್ಯ ಜೆಡಿಎಸ್ ಪಾಲಾಗಿತ್ತು. ಅವರು ಪಕ್ಷೇತರರಾಗಿ ನಿಂತು 1,25,876 ಮತಗಳ ಅಂತರದಿಂದ ಗೆದ್ದರು. 2024ರ ಹೊತ್ತಿಗೆ ಜೆಡಿಎಸ್ ಬಿಜೆಪಿಯ ಜೊತೆ ಸೇರಿತ್ತು. ಕ್ಷೇತ್ರ ಮತ್ತೆ ಜೆಡಿಎಸ್‌ಗೆ ಹೋಯಿತು, ಹಾಲಿ ಸಂಸದೆ ಕಣದಿಂದ ಹಿಂದೆ ಸರಿದರು, ಕುಮಾರಸ್ವಾಮಿಯವರೇ ನಿಂತು ಗೆದ್ದರು. ಹೀಗೆ ಸತತ ಎರಡು ಸಾರ್ವತ್ರಿಕ ಚುನಾವಣೆಗಳಲ್ಲಿ ಮಂಡ್ಯದ ಹಾಲಿ ಸಂಸದರ ಹೆಸರು ಮತಯಂತ್ರದ ಮೇಲೆ ಇರಲೇ ಇಲ್ಲ. ಅವರ ಕೆಲಸ ಒಳ್ಳೆಯದೋ ಕೆಟ್ಟದೋ ಎಂದು ತೀರ್ಪು ಕೊಡುವ ಅವಕಾಶ ಮಂಡ್ಯದ ಮತದಾರರಿಗೆ ಎರಡು ಸಲವೂ ಒದಗಲಿಲ್ಲ. ಅಭ್ಯರ್ಥಿಯನ್ನು ಯಾರು ಆರಿಸುತ್ತಾರೆ ಎಂಬ ಪ್ರಶ್ನೆ, ಗೆದ್ದವರು ಯಾರು ಎಂಬ ಪ್ರಶ್ನೆಯಷ್ಟೇ ದೊಡ್ಡದು ಎನ್ನುವುದಕ್ಕೆ ಇಷ್ಟು ಸಾಕು.

ಉದಾಹರಣೆಗೆ, ಶಿವನಸಮುದ್ರದ ವಿದ್ಯುದಾಗಾರದ ಊರಾದ ಬ್ಲಫ್‌ನ ಮತದಾರ ವಿಧಾನಸಭೆಗೆ ಮಳವಳ್ಳಿ ಕ್ಷೇತ್ರದಲ್ಲಿ, ಲೋಕಸಭೆಗೆ ಮಂಡ್ಯ ಕ್ಷೇತ್ರದಲ್ಲಿ ಮತ ಹಾಕುತ್ತಾನೆ. ಅವನ ಮುಂದೆ ಬರುವ ಪಟ್ಟಿಯನ್ನು ತೀರ್ಮಾನಿಸುವುದು ಎರಡು ಕಾಗದಗಳು. ಪಕ್ಷದ ಪರವಾಗಿ ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂದು ತಿಳಿಸುವುದು ಎ ಫಾರಂ. ಆ ಅಧಿಕಾರಸ್ಥರು ಇಂಥವರೇ ನಮ್ಮ ಅಭ್ಯರ್ಥಿ ಎಂದು ಬರೆದುಕೊಡುವುದು ಬಿ ಫಾರಂ. 1968ರ ಚುನಾವಣಾ ಚಿಹ್ನೆಗಳ ಆದೇಶದ ಪ್ರಕಾರ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಅದು ಚುನಾವಣಾಧಿಕಾರಿಯ ಕೈ ಸೇರಬೇಕು. 2023ರಲ್ಲಿ ಮಂಡ್ಯ ವಿಧಾನಸಭಾ ಕ್ಷೇತ್ರಕ್ಕೆ ಜೆಡಿಎಸ್ ಹಾಲಿ ಶಾಸಕ ಎಂ. ಶ್ರೀನಿವಾಸ್ ಅವರ ಹೆಸರನ್ನು ಮೊದಲು ಪ್ರಕಟಿಸಿ, ಕೊನೆಯ ಗಳಿಗೆಯಲ್ಲಿ ಬಿ.ಆರ್. ರಾಮಚಂದ್ರ ಅವರಿಗೆ ಬಿ ಫಾರಂ ಕೊಟ್ಟಿದ್ದು ಕಾನೂನಿನ ದೃಷ್ಟಿಯಲ್ಲಿ ಸಂಪೂರ್ಣ ಸರಿ. ಪಕ್ಷಗಳ ನೋಂದಣಿಯನ್ನು ಹೇಳುವ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ, ಪಕ್ಷ ತನ್ನ ಅಭ್ಯರ್ಥಿಯನ್ನು ಹೇಗೆ ಆರಿಸಬೇಕು ಎಂಬುದರ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ. ಹೈಕಮಾಂಡ್ ಎಂಬ ಶಕ್ತಿಗೆ ಬೇರು ಈ ಮೌನದಲ್ಲೇ ಇದೆ.

ಅಮೆರಿಕದಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. ಶುರುವಿನ ದಶಕಗಳಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಅಲ್ಲಿನ ಸಂಸತ್ತಿನ ಸದಸ್ಯರು ತಮ್ಮತಮ್ಮಲ್ಲೇ ಸೇರಿ ಗೊತ್ತುಮಾಡುತ್ತಿದ್ದರು. 1824ರಲ್ಲಿ ಅಂಥ ಸಭೆಗೆ ಬಂದವರು 66 ಮಂದಿ ಮಾತ್ರ. ಅವರು ಆರಿಸಿದ ವಿಲಿಯಂ ಕ್ರಾಫರ್ಡ್ ಚುನಾವಣೆಯಲ್ಲಿ ಮೂರನೆಯವರಾದರು, ಆ ಪದ್ಧತಿಯೂ ಅಲ್ಲಿಗೆ ಬಿದ್ದುಹೋಯಿತು. 1830ರ ದಶಕದಲ್ಲಿ ರಾಜ್ಯರಾಜ್ಯಗಳಿಂದ ಪ್ರತಿನಿಧಿಗಳು ಬಂದು ಸೇರುವ ಮಹಾಧಿವೇಶನಗಳು ಶುರುವಾದವು. ಆದರೆ ಆ ಪ್ರತಿನಿಧಿಗಳನ್ನು ಕಳಿಸುತ್ತಿದ್ದವರು ಆಯಾ ರಾಜ್ಯದ, ನಗರದ ಪ್ರಬಲ ನಾಯಕರೇ. ಅವರವರಲ್ಲಿ ಹೊಂದಾಣಿಕೆ ಆಗದೆ 1924ರಲ್ಲಿ ಡೆಮಾಕ್ರಟಿಕ್ ಪಕ್ಷ 103 ಸುತ್ತು ಮತದಾನ ಮಾಡಿ ಒಬ್ಬ ಅಭ್ಯರ್ಥಿಯನ್ನು ಹುಡುಕಬೇಕಾಯಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೆಲವು ರಾಜ್ಯಗಳು ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಸಾಮಾನ್ಯ ಮತದಾರರೇ ಆರಿಸುವ ಪೂರ್ವಭಾವಿ ಚುನಾವಣೆಯನ್ನು ತಂದವು. 1912ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಹೆಚ್ಚಿನ ಪ್ರೈಮರಿಗಳನ್ನು ಗೆದ್ದರೂ ರಿಪಬ್ಲಿಕನ್ ಅಧಿವೇಶನ ಟಾಫ್ಟ್ ಅವರನ್ನೇ ಆರಿಸಿತು. ಮತದಾರರ ಒಲವು ತಿಳಿಯುತ್ತಿತ್ತು, ಆದರೆ ನಾಯಕರನ್ನು ಅದು ಕಟ್ಟಿಹಾಕುತ್ತಿರಲಿಲ್ಲ.

ಅದು ಬದಲಾದದ್ದು 1968ರ ಗಾಯದಿಂದ. ವಿಯೆಟ್ನಾಂ ಯುದ್ಧದ ವಿರುದ್ಧ ಯುಜೀನ್ ಮೆಕಾರ್ಥಿ, ರಾಬರ್ಟ್ ಕೆನಡಿ ಪ್ರೈಮರಿಗಳಲ್ಲಿ ಜನರ ಬೆಂಬಲ ಗಳಿಸಿದರು. ಜೂನ್‌ನಲ್ಲಿ ಕೆನಡಿಯವರ ಹತ್ಯೆಯಾಯಿತು. ಡೆಮಾಕ್ರಟಿಕ್ ಪಕ್ಷದ ಶಿಕಾಗೋ ಅಧಿವೇಶನ ಆರಿಸಿದ್ದು ಒಂದೂ ಪ್ರೈಮರಿಗೆ ಇಳಿಯದ ಹ್ಯೂಬರ್ಟ್ ಹಂಫ್ರಿಯವರನ್ನು. ಒಳಗೆ ಗದ್ದಲ, ಹೊರಗೆ ಪ್ರತಿಭಟನಕಾರರ ಮೇಲೆ ಪೊಲೀಸರ ಲಾಠಿ. ಹಂಫ್ರಿ ಸೋತರು. ಬಳಿಕ ಜಾರ್ಜ್ ಮೆಕ್‌ಗವರ್ನ್, ಡೊನಾಲ್ಡ್ ಫ್ರೇಸರ್ ನೇತೃತ್ವದ ಸಮಿತಿ ನಿಯಮಗಳನ್ನು ತಿದ್ದಿತು; 1972ರಿಂದ ಪ್ರೈಮರಿಗಳೇ ನಿರ್ಣಾಯಕವಾದವು, ರಿಪಬ್ಲಿಕನ್ನರೂ ಅದೇ ಹಾದಿ ಹಿಡಿದರು. ಇಂದು ಚುನಾವಣಾ ವರ್ಷದ ಆರಂಭದಿಂದ ಒಂದೊಂದೇ ರಾಜ್ಯದಲ್ಲಿ ಮತದಾನ ನಡೆಯುತ್ತದೆ. ಹೆಚ್ಚಿನ ಕಡೆ ರಾಜ್ಯ ಸರ್ಕಾರವೇ ಗುಪ್ತ ಮತದಾನ ನಡೆಸುತ್ತದೆ. ಕೆಲವೆಡೆ ಪಕ್ಷಗಳು ಕಾಕಸ್ ಎಂಬ ಸಭೆ ಸೇರಿಸುತ್ತವೆ. ಕೆಲವು ರಾಜ್ಯಗಳಲ್ಲಿ ಆ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ, ಇನ್ನು ಕೆಲವೆಡೆ ಯಾವ ಮತದಾರರು ಬೇಕಾದರೂ ಮತ ಹಾಕಬಹುದು. ಮತದ ಪ್ರಮಾಣಕ್ಕೆ ತಕ್ಕಂತೆ ಅಭ್ಯರ್ಥಿಗಳಿಗೆ ಪ್ರತಿನಿಧಿಗಳು ಸಿಗುತ್ತಾರೆ. ಡೆಮಾಕ್ರಟಿಕ್ ಪಕ್ಷದಲ್ಲಿ ಇದಕ್ಕೆ ಕನಿಷ್ಠ ಶೇ. 15 ಮತ ಬೇಕು. ಆದರೆ ರಿಪಬ್ಲಿಕನ್ ಪಕ್ಷದಲ್ಲಿ ಹಲವು ರಾಜ್ಯಗಳು ಮೊದಲ ಸ್ಥಾನ ಪಡೆದವರಿಗೇ ಎಲ್ಲ ಪ್ರತಿನಿಧಿಗಳನ್ನೂ ಕೊಡುತ್ತವೆ. ಬೇಸಿಗೆಯ ಅಧಿವೇಶನ ಆ ಲೆಕ್ಕಕ್ಕೆ ಮುದ್ರೆ ಒತ್ತುತ್ತದೆ.

ಈ ಪದ್ಧತಿಯ ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಪ್ರೈಮರಿಗೆ ಬರುವ ಮತದಾರರು ಅಂತಿಮ ಚುನಾವಣೆಗೆ ಬರುವವರಿಗಿಂತ ಬಹಳ ಕಡಿಮೆ. ಹಾಗೆ ಬರುವವರಲ್ಲಿ ಕಟ್ಟಾ ನಿಲುವಿನವರ ದನಿ ಜೋರು. ಮೊದಲು ಮತ ಹಾಕುತ್ತ ಬಂದ ಅಯೋವಾ, ನ್ಯೂ ಹ್ಯಾಂಪ್‌ಶೈರ್‌ನಂಥ ಚಿಕ್ಕ ರಾಜ್ಯಗಳಿಗೆ ತಮ್ಮ ಜನಸಂಖ್ಯೆಗೆ ಮೀರಿದ ತೂಕ ಬಂದಿದೆ. ತಿಂಗಳುಗಟ್ಟಲೆ ಪ್ರಚಾರಕ್ಕೆ ಅಪಾರ ಹಣ ಬೇಕು. ಜನರ ಆಯ್ಕೆ ಗೆದ್ದೇ ಗೆಲ್ಲುತ್ತದೆ ಎನ್ನುವಂತೆಯೂ ಇಲ್ಲ: ಹೊಸ ನಿಯಮಗಳಲ್ಲಿ ಆರಿಸಿಬಂದ ಮೆಕ್‌ಗವರ್ನ್ 1972ರಲ್ಲಿ 49 ರಾಜ್ಯಗಳನ್ನು ಸೋತರು. ಅದರಿಂದ ಪಾಠ ಕಲಿತ ಪಕ್ಷ 1982ರಲ್ಲಿ ಹಿರಿಯ ನಾಯಕರಿಗೆ ಸೂಪರ್ ಡೆಲಿಗೇಟ್, ಅಂದರೆ ಪ್ರೈಮರಿ ಫಲಿತಾಂಶಕ್ಕೆ ಕಟ್ಟುಬೀಳದೆ ಮತ ಹಾಕುವ ಪ್ರತಿನಿಧಿ ಸ್ಥಾನ ಕೊಟ್ಟಿತು, 2018ರಲ್ಲಿ ಆ ಅಧಿಕಾರವನ್ನು ಮತ್ತೆ ಮೊಟಕುಗೊಳಿಸಿತು. 2024ರ ಜುಲೈ 21ರಂದು ಜೋ ಬೈಡನ್ ಕಣದಿಂದ ಸರಿದಾಗ ಪ್ರೈಮರಿಗೆ ಸಮಯವೇ ಉಳಿದಿರಲಿಲ್ಲ. ಕಮಲಾ ಹ್ಯಾರಿಸ್ ಅವರನ್ನು ಪ್ರತಿನಿಧಿಗಳೇ ಆರಿಸಿದರು. ಆದರೂ ಒಂದು ಮಾತು ನಿಜ. ಅಲ್ಲಿ ಪಕ್ಷದ ನಾಯಕರು ನಿಯಮವನ್ನು ಮೀರಿದರೆ ಮೀರಿದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ, ಏಕೆಂದರೆ ನಿಯಮವೊಂದು ಇದೆ. ನಮ್ಮಲ್ಲಿ ಮೀರಲು ನಿಯಮವೇ ಇಲ್ಲ.

ನಮ್ಮಲ್ಲಿ ಪ್ರಯತ್ನವೇ ಆಗಿಲ್ಲ ಎನ್ನುವಂತಿಲ್ಲ. 2014ರ ಲೋಕಸಭಾ ಚುನಾವಣೆಗೆ ಮುನ್ನ ರಾಹುಲ್ ಗಾಂಧಿಯವರ ಯೋಜನೆಯಂತೆ ಕಾಂಗ್ರೆಸ್ ದೇಶದ ಹದಿನೈದರಷ್ಟು ಕ್ಷೇತ್ರಗಳಲ್ಲಿ ಪ್ರೈಮರಿ ನಡೆಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅದಕ್ಕೆ ಆಯ್ಕೆಯಾದವು, ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಅಭ್ಯರ್ಥಿಗಳಾದರು. ಇಬ್ಬರೂ ಸೋತರು, ಪ್ರಯೋಗವೂ ಮರೆಯಾಯಿತು. ಆದರೆ ಆ ಸೋಲನ್ನು ಪದ್ಧತಿಯ ಸೋಲು ಎನ್ನಲಾಗದು: ಆ ವರ್ಷ ದೇಶದಲ್ಲಿ ಕಾಂಗ್ರೆಸ್ ಗೆದ್ದದ್ದೇ 44 ಸ್ಥಾನ, ಹೈಕಮಾಂಡ್ ನೇರವಾಗಿ ಆರಿಸಿದ ನೂರಾರು ಮಂದಿಯೂ ಸೋತಿದ್ದರು. ಪ್ರಯೋಗದ ನಿಜವಾದ ಕುಂದು ಬೇರೆ. ಮತ ಹಾಕಿದವರು ಮುಖ್ಯವಾಗಿ ಪದಾಧಿಕಾರಿಗಳು, ಪಕ್ಷದ ಚುನಾಯಿತ ಸದಸ್ಯರು. ಸಾಮಾನ್ಯ ಸದಸ್ಯನಿಗೆ ಅಲ್ಲಿ ಜಾಗ ಸಿಗಲಿಲ್ಲ. ಫಲಿತಾಂಶ ನಾಯಕರನ್ನು ಕಟ್ಟಿಹಾಕಲೂ ಇಲ್ಲ. ವಡೋದರದಲ್ಲಿ ಪ್ರೈಮರಿ ಗೆದ್ದ ನರೇಂದ್ರ ರಾವತ್, ಅಲ್ಲಿಂದ ನರೇಂದ್ರ ಮೋದಿ ನಿಲ್ಲುತ್ತಾರೆಂದು ತಿಳಿದ ಮೇಲೆ, ಮಧುಸೂದನ್ ಮಿಸ್ತ್ರಿಯವರಿಗೆ ಜಾಗ ಬಿಡಬೇಕಾಯಿತು.

ಪ್ರೈಮರಿ ತಂದರೆ ದುಡ್ಡು, ಜಾತಿ ಇನ್ನಷ್ಟು ಆಟವಾಡುತ್ತವೆ ಎಂಬುದು ಬಲವಾದ ಆಕ್ಷೇಪ. ಆ ಭಯ ಸುಳ್ಳಲ್ಲ. ಆದರೆ ಈಗ ಟಿಕೆಟ್ ಹಂಚುವಾಗ ಜಾತಿ ಲೆಕ್ಕ, ಖರ್ಚು ಮಾಡುವ ತಾಕತ್ತು ನೋಡದೆ ಹಂಚುತ್ತಾರೆಯೇ? 2023ರ ಚುನಾವಣೆಗೆ ಕಾಂಗ್ರೆಸ್ ಟಿಕೆಟ್ ಆಕಾಂಕ್ಷಿಗಳಿಂದ ಅರ್ಜಿಯ ಜೊತೆಗೆ ಸಾಮಾನ್ಯ ವರ್ಗದವರಾದರೆ 2 ಲಕ್ಷ, ಪರಿಶಿಷ್ಟರಾದರೆ 1 ಲಕ್ಷ ರೂಪಾಯಿ ಪಡೆಯಿತು. ಜರಡಿ ಮೊದಲ ಮೆಟ್ಟಿಲಲ್ಲೇ ಇದೆ. ವ್ಯತ್ಯಾಸವೆಂದರೆ, ಹತ್ತಾರು ಸಾವಿರ ಸದಸ್ಯರನ್ನು ಒಲಿಸಿಕೊಳ್ಳಬೇಕಾದವನು ಹೋಬಳಿ ಹೋಬಳಿ ಸುತ್ತಬೇಕು; ನಾಲ್ಕೈದು ಮಂದಿಯನ್ನು ಒಲಿಸಿಕೊಂಡರೆ ಸಾಕಾದವನಿಗೆ ಬೆಂಗಳೂರು, ದೆಹಲಿಯ ದಾರಿ ಗೊತ್ತಿದ್ದರೆ ಆಯಿತು. ಮೀಸಲಾತಿಗೂ ಇದರಿಂದ ಧಕ್ಕೆಯಿಲ್ಲ: ಪರಿಶಿಷ್ಟ ಜಾತಿಗೆ ಮೀಸಲಾದ ಮಳವಳ್ಳಿಯಲ್ಲಿ ಪೈಪೋಟಿ ಆ ಸಮುದಾಯಗಳ ಆಕಾಂಕ್ಷಿಗಳ ನಡುವೆಯೇ ನಡೆಯುತ್ತದೆ. ಮಹಿಳೆಯರಿಗೆ ಇಂತಿಷ್ಟು ಕ್ಷೇತ್ರ ಎಂದು ಪಕ್ಷ ಮೊದಲೇ ಗೊತ್ತುಮಾಡಿ ಆಮೇಲೆ ಸದಸ್ಯರ ಮತ ಕೇಳಬಹುದು.

ಇನ್ನೊಂದು ಆಕ್ಷೇಪ: ಪಕ್ಷ ತಪ್ಪು ಮಾಡಿದರೆ ಮತದಾರ ತಿದ್ದುತ್ತಾನೆ, 2019ರಲ್ಲಿ ಮಂಡ್ಯವೇ ತೋರಿಸಲಿಲ್ಲವೇ? 2008ರಲ್ಲಿ ಮಳವಳ್ಳಿಯೂ ಪಕ್ಷೇತರ ಪಿ.ಎಂ. ನರೇಂದ್ರಸ್ವಾಮಿಯವರನ್ನು ಗೆಲ್ಲಿಸಿತ್ತು ಎಂದು ಇದಕ್ಕೆ ಸೇರಿಸಲೂಬಹುದು. ಆದರೆ ಕರ್ನಾಟಕದಿಂದ ಪಕ್ಷೇತರರೊಬ್ಬರು ಲೋಕಸಭೆಗೆ ಹೋದದ್ದು, 1967ರಲ್ಲಿ ದಿನಕರ ದೇಸಾಯಿ ಗೆದ್ದ ಮೇಲೆ, 2019ರಲ್ಲೇ. ಅರ್ಧ ಶತಮಾನಕ್ಕೊಮ್ಮೆ ಸಿಗುವ ಮದ್ದನ್ನು ನೆಚ್ಚಿಕೊಂಡು ಕೂರಲಾಗದು. ಅಂಬರೀಶ್ ಅವರ ಮನೆತನಕ್ಕಿದ್ದ ಹೆಸರು, ಅಭ್ಯರ್ಥಿ ಹಾಕದೆ ನಿಂತ ಬಿಜೆಪಿಯ ಬೆಂಬಲ ಇಲ್ಲದ ಸಾಮಾನ್ಯ ಕಾರ್ಯಕರ್ತನಿಗೆ ಆ ದಾರಿ ತೆರೆಯುವುದೂ ಕಷ್ಟ. 2024ರಲ್ಲಿ ಮೇಲಿನಿಂದ ಬಂದ ಆಯ್ಕೆಯನ್ನೇ ಮಂಡ್ಯ ಎರಡೂಮುಕ್ಕಾಲು ಲಕ್ಷಕ್ಕೂ ಮಿಕ್ಕ ಅಂತರದಿಂದ ಒಪ್ಪಿತು ಎಂಬುದೂ ನಿಜ. ಕುಮಾರಸ್ವಾಮಿಯವರ ಬಲ ಅಷ್ಟಿದ್ದರೆ ಸದಸ್ಯರ ಮತದಲ್ಲೂ ಅವರು ಗೆಲ್ಲುತ್ತಿದ್ದರು. ಜನಪ್ರಿಯ ನಾಯಕರಿಗೆ ಈ ಪದ್ಧತಿಯಿಂದ ನಷ್ಟವಿಲ್ಲ. ಮೈತ್ರಿ ಆದಾಗ ಯಾವ ಕ್ಷೇತ್ರ ಯಾರಿಗೆ ಎಂಬುದನ್ನು ನಾಯಕರು ಹಂಚಿಕೊಳ್ಳಲಿ. ಆ ಕ್ಷೇತ್ರದಲ್ಲಿ ಯಾರು ನಿಲ್ಲಬೇಕೆಂಬುದನ್ನು ಅಲ್ಲಿನ ಸದಸ್ಯರಿಗೆ ಬಿಡಲಿ.

ನಮಗೆ ಬೇಕಾದದ್ದು ಅಮೆರಿಕದ ನಕಲಲ್ಲ. ತಿಂಗಳುಗಟ್ಟಲೆಯ ಪ್ರಚಾರ, ಯಾರು ಬೇಕಾದರೂ ಬಂದು ಮತ ಹಾಕುವ ವ್ಯವಸ್ಥೆ ನಮ್ಮ ಪಕ್ಷಗಳಿಗೆ ಹೊಂದುವುದಿಲ್ಲ. ಜರ್ಮನಿಯ ಚುನಾವಣಾ ಕಾನೂನು ಹತ್ತಿರದ ಮಾದರಿ: ಅಲ್ಲಿ ಪಕ್ಷದ ಅಭ್ಯರ್ಥಿಯನ್ನು ಸದಸ್ಯರು ಅಥವಾ ಅವರು ಆರಿಸಿದ ಪ್ರತಿನಿಧಿಗಳು ಗುಪ್ತ ಮತದಾನದಿಂದಲೇ ಆರಿಸಬೇಕು. ಕಾನೂನು ಆಯೋಗ 1999ರಲ್ಲೂ 2015ರಲ್ಲೂ ಪಕ್ಷಗಳೊಳಗೆ ಪ್ರಜಾಪ್ರಭುತ್ವ ಕಡ್ಡಾಯವಾಗಬೇಕೆಂದು ಶಿಫಾರಸು ಮಾಡಿದೆ. ಸಂಸತ್ತು ಕಾಯ್ದೆ ತರುವವರೆಗೆ ಪಕ್ಷಗಳು ಕಾಯಬೇಕಿಲ್ಲ. ಅಭ್ಯರ್ಥಿ ಆಯ್ಕೆಗೆ ಒಂದು ವರ್ಷ ಮೊದಲೇ ಅಂತಿಮಗೊಳಿಸಿದ, ಎಲ್ಲರೂ ನೋಡಬಹುದಾದ ಸದಸ್ಯರ ಪಟ್ಟಿ, ಗುಪ್ತ ಮತದಾನ, ಫಲಿತಾಂಶಕ್ಕೆ ಬದ್ಧವಾದ ಬಿ ಫಾರಂ, ಈ ಮೂರು ಸಾಕು. ಚಿಹ್ನೆಯ ಮೇಲೆ ನಡೆಯುವ, ಆದರೆ ಕ್ಷೇತ್ರ ಚಿಕ್ಕದಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಚುನಾವಣೆಗಳಿಂದ ಇದನ್ನು ಶುರುಮಾಡಬಹುದು. ಅಲ್ಲಿ ಸದಸ್ಯರಿಗೆ ಆಕಾಂಕ್ಷಿಗಳ ಮುಖ, ನಡತೆ ಎರಡೂ ಗೊತ್ತಿರುತ್ತವೆ. ಮಳವಳ್ಳಿ, ಮದ್ದೂರಿನ ಕಾರ್ಯಕರ್ತರು ವರ್ಷಗಟ್ಟಲೆ ಬಾವುಟ ಹಿಡಿದು, ಮನೆಮನೆ ತಿರುಗಿ ಪಕ್ಷವನ್ನು ಕಟ್ಟಿದ್ದಾರೆ. ಆ ಪಕ್ಷದ ಅಭ್ಯರ್ಥಿ ಯಾರೆಂದು ಅವರು ಟಿವಿಯಲ್ಲಿ ತಿಳಿದುಕೊಳ್ಳಬೇಕಾದ ಪರಿಸ್ಥಿತಿ ಹೋಗಬೇಕು. ಈ ಬದಲಾವಣೆಯನ್ನು ಕೇಳುವ ಹಕ್ಕು ಮೊದಲು ಆ ಕಾರ್ಯಕರ್ತರದೇ, ಮತ್ತು ಅವರು ಒಟ್ಟಾಗಿ ಕೇಳಿದರೆ ಯಾವ ಹೈಕಮಾಂಡ್‌ಗೂ ಇಲ್ಲ ಎನ್ನುವುದು ಸುಲಭವಲ್ಲ.