ಬಣ್ಣಕ್ಕೂ ಮೊದಲು ಗೋಡೆ ಒಣಗಲಿ

ಬಂಟ್ವಾಳದ ಹಿರಿಯರು ನೇತ್ರಾವತಿಯ 1974ರ ನೆರೆಯನ್ನು ಇಂದಿಗೂ ನೆನೆಯುತ್ತಾರೆ. ಈಗ ಮನೆಗೆ ನೀರು ನುಗ್ಗಿದರೆ ಒದ್ದೆಯಾಗುವುದು ನೆಲ, ಗೋಡೆ ಮಾತ್ರವಲ್ಲ. ಸೋಫಾ, ಪ್ಲೈವುಡ್ ಕಪಾಟು, ಫ್ರಿಡ್ಜ್ ಎಲ್ಲವೂ. ಹಾಗಾಗಿ ಶುಚಿಗೊಳಿಸುವ ಕಂಪೆನಿಯವರನ್ನು ಕರೆಸುತ್ತೇವೆ. ಹಣ ಕೊಡುವುದು ತಪ್ಪಲ್ಲ. ಯಾವ ಕೆಲಸಕ್ಕೆ ಕೊಡುತ್ತಿದ್ದೇವೆ ಎಂಬುದು ತಿಳಿದಿರಬೇಕು.

ಒಮ್ಮೆ ಉಬ್ಬಸದ ಮಗುವಿನೊಂದಿಗೆ ನನ್ನ ದವಾಖಾನೆಗೆ ಬಂದ ತಾಯಿ ಹೇಳಿದರು: "ನೀರು ಇಳಿದ ವಾರದಲ್ಲೇ ಹೊಸ ಬಣ್ಣ ಹೊಡೆಸಿದೆವು ಡಾಕ್ಟ್ರೇ. ವಾಸನೆ ಹೋಗಲೆಂದು ದಿನಾ ಲೋಬಾನ ಹಾಕುತ್ತೇನೆ." ಕಪಾಟು ಸರಿಸಿ ನೋಡಲು ಹೇಳಿದೆ. ಅದರ ಹಿಂದೆ ಗೋಡೆ ತುಂಬ ಕಪ್ಪು ಬೂಷ್ಟು!

ಒದ್ದೆ ವಸ್ತುವಿನ ಮೇಲೆ 24ರಿಂದ 48 ಗಂಟೆಗಳಲ್ಲಿ ಬೂಷ್ಟು ಬೆಳೆಯತೊಡಗುತ್ತದೆ. ಹಸಿ ಗೋಡೆಗೆ ಬಣ್ಣ ಬಳಿದರೆ ತೇವ ಒಳಗೇ ಉಳಿಯುತ್ತದೆ. ಧೂಪ ಯೂನಾನಿಯ ಹಳೆಯ ಪದ್ಧತಿಯೇ. ಆದರೂ ಯೂನಾನಿ ವೈದ್ಯನಾಗಿಯೇ ಹೇಳುತ್ತೇನೆ: ಲೋಬಾನ ವಾಸನೆಯನ್ನು ಮರೆಸುತ್ತದೆ, ತೇವವನ್ನು ತೆಗೆಯುವುದಿಲ್ಲ. ಉಬ್ಬಸ ಇರುವವರಿಗೆ ಆ ಹೊಗೆಯೂ ಕೆಟ್ಟದ್ದು.

ಕಂಪೆನಿಯವರಿಂದ ದರಪಟ್ಟಿಯನ್ನು ಬರಹದಲ್ಲಿ, ಬಿಡಿಬಿಡಿಯಾಗಿ ಕೇಳಿ. ನೀರು, ಕೆಸರು ತೆಗೆಯಲು ಎಷ್ಟು? ತೊಳೆದು ಕ್ರಿಮಿನಾಶಕ ಹಾಕಲು ಎಷ್ಟು? ತೇವ ಹೀರುವ ಯಂತ್ರಕ್ಕೆ ದಿನಕ್ಕೆಷ್ಟು, ಎಷ್ಟು ದಿನ? ಕಸ ಸಾಗಿಸುವ ಖರ್ಚು ಯಾರದು? ಒಟ್ಟಾಗಿ ಒಂದೇ ಮೊತ್ತ ಹೇಳಿದರೆ ಒಪ್ಪಬೇಡಿ. ಗೋಡೆಯ ತೇವ ಅಳೆಯುವ ಸಣ್ಣ ಮೀಟರ್ ಇದೆ. ಮೊದಲ ದಿನ ಮತ್ತು ಕೊನೆಯ ದಿನದ ಅಳತೆಯನ್ನು ನಿಮ್ಮೆದುರೇ ತೆಗೆಯಲಿ. ಕೊನೆಯ ಕಂತನ್ನು ಅದರ ನಂತರವೇ ಕೊಡಿ. ಚರಂಡಿ ನೀರು ಕುಡಿದ ಹಾಸಿಗೆ, ಉಬ್ಬಿದ ಪ್ಲೈವುಡ್ ಉಳಿಸಲು ದುಡ್ಡು ಸುರಿಯಬೇಡಿ.

ಯಾವುದನ್ನೂ ಎಸೆಯುವ ಮೊದಲು ಫೋಟೊ, ವಿಡಿಯೊ ತೆಗೆದಿಡಿ. ಸರ್ಕಾರದ ಪರಿಹಾರಕ್ಕಾಗಿ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ವಿಮೆ ಮಾಡುವುದು ಬಿಡುವುದು ನಿಮ್ಮ ತೀರ್ಮಾನ. ಆದರೆ ಮನೆಸಾಲ ಇದ್ದರೆ ಬ್ಯಾಂಕ್ ಮಾಡಿಸಿರಬಹುದು, ಕೇಳಿ ನೋಡಿ. 2021ರ ಏಪ್ರಿಲ್‌ನಿಂದ ಇರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ನೆರೆಯ ಹಾನಿ ಸೇರಿದೆ. ಅವಶೇಷ ತೆರವಿಗೆ ಕ್ಲೇಮ್ ಮೊತ್ತದ ಶೇ. 2ರವರೆಗೆ ಸಿಗುತ್ತದೆ. ಕೂಡಲೇ ಕಂಪೆನಿಗೆ ತಿಳಿಸಿ, ಸರ್ವೇಯರ್ ನೋಡುವವರೆಗೆ ಹಾಳಾದ ವಸ್ತುಗಳನ್ನು ಹೊರಗೆ ಇಟ್ಟಿರಿ, ಬಿಲ್‌ಗಳನ್ನು ಜೋಪಾನ ಮಾಡಿ.

ದುಡ್ಡಿಲ್ಲದವರು ನೀವೇ ತೊಳೆಯಬಹುದು. ಮೊದಲು ವಿದ್ಯುತ್ ಮೈನ್ ಆಫ್ ಆಗಿರಲಿ. ಎಲೆಕ್ಟ್ರಿಷಿಯನ್ ನೋಡಿದ ಮೇಲೆಯೇ ಫ್ಯಾನ್ ಹಾಕಿ. ರಬ್ಬರ್ ಬೂಟು, ಗ್ಲೌಸ್, ಮಾಸ್ಕ್ ಧರಿಸಿ. ಕೆಸರು ಪೂರ್ತಿ ತೆಗೆದ ನಂತರ ಬ್ಲೀಚಿಂಗ್ ಪೌಡರ್ ನೀರು ಹಾಕಿ. ಶೌಚಾಲಯದ ಆಸಿಡ್ ಜತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಆಮೇಲೆ ಕಿಟಕಿ ತೆರೆದು ಗಾಳಿಯಾಡಿಸಿ. ಮುಂದಿನ ದಿನಗಳಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಅದು ಇಲಿಜ್ವರ ಇರಬಹುದು. ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಗೋಡೆಗೆ ಬಣ್ಣ ಎರಡು ತಿಂಗಳು ತಡವಾದರೂ ನಡೆಯುತ್ತದೆ. ಮಗುವಿನ ಉಸಿರು ಅಷ್ಟು ದಿನ ಕಾಯಲಾರದು.